ಮೂಡಲಗಿ ಫೈನಲ್ ನಿಂತಿದ್ದು

ಅಲ್ಲಲೇ, ರಕ್ತ ನಂದಲ್ಲ! ಅಂಗಿ ನೋಡಿ ಹಂಗ್ಯಾಕ ಗಾಬರಿ ಆಗ್ತಿ ಯಲ್ಲಾರಿ? ನನಗೇನೂ ಆಗಿಲ್ಲ. ಕೈ ಅಷ್ಟ ಬಾತೈತಿ. ಆ ಟೈರ್ ಬಿಚ್ಚೂದು ಬಿಡು, ಲಾರಿಯವ್ಗ ತಾಸು ಬಿಟ್ಟು ಬಾ ಅನ್ನು. ಮೂಡಲಗಿಯಿಂದ ಸೀದಾ ಈ ಹತ್ತರಗಿಗೆ, ನಿನ್ನ ಪಂಕ್ಚರ್ ಅಂಗಡಿಗೇ ಬಂದೇನಿ. ಮನಿಗೆ ಹೋಗಿಲ್ಲ. ಪೊಲೀಸರು ಮನಿ ಮುಂದ ಕುಂತಾರಂತ.

ನೀರು ಕೊಡು ಮೊದಲ... ಹಾಂ. ಸಾಕು.

ಕೇಳು. ಫುಟ್‌ಬಾಲ್ ಫೈನಲ್. ಗೋಕಾಕ ಫಾಲ್ಸದು ನನ್ನ ಟೀಮು, ಎದುರಿಗೆ ಹುಕ್ಕೇರಿ. ಒಂದಕ್ಕ ಒಂದು ಗೋಲು. ಇನ್ನ ಹತ್ತು ಮಿನಿಟ್ ಉಳದಿತ್ತು. ಹುಕ್ಕೇರಿಯವ್ರಾಗ ಸ್ವಪ್ನಿಲ್ ಅಂತ ಒಬ್ಬ ಮಿಡ್‌ಫೀಲ್ಡರ್ ಅದಾನ. ಏನ್ ಆಡ್ತಾನಲೇ! ತಲಿ ಎತ್ತಿ ಆಡ್ತಾನ, ಥೇಟ್ ನಿನ್ನಂಗ. ಎದುರಾಳಿ ಕೋಚ್ ನಾನು, ನಾನ ಚಪ್ಪಾಳಿ ಹೊಡಿಬೇಕು ಅನ್ನೂವಂಗ. ಅಂವ ಪಾಸ್ ಕೊಟ್ಟು ತಿರುಗಿದ್ದ ಅಷ್ಟ. ನಮ್ಮ ಈಶ್ವರ ಹಿಂದಿನಿಂದ ಓಡಿ ಬಂದು, ಎರಡೂ ಕಾಲು ಎತ್ತಿ ಜಿಗದ. ಹಸಿ ಕಬ್ಬು ಮುರದಂಗ ಸಪ್ಪಳಾತು. ಎಲುವು ಕಾಲಚೀಲ ಹರಕೊಂಡು ಹೊರಗ ಬಂದಿತ್ತು ಯಲ್ಲಾರಿ, ಬೆಳ್ಳಗ... ಆ ಸ್ವಪ್ನಿಲ್ ಚೀರಲಿಲ್ಲ. ಮಣ್ಣು ಕಚ್ಚಿದ. ಖರೆನ, ಬಾಯಿ ತುಂಬ ಮಣ್ಣು.

ನಾ ಮೈದಾನಕ್ಕ ನುಗ್ಗಿದೆ. ಈಶ್ವರನ ಕಪಾಳಕ್ಕ ಒಂದು ಕೊಟ್ಟೆ. ಅಲ್ಲಿಗೇ ನಿಲ್ಲಸಬೇಕಾಗಿತ್ತು. ನಿಲ್ಲಸಲಿಲ್ಲ. ಮೂಲ್ಯಾಗಿನ ಬಾವುಟದ ಕೋಲು ಕಿತ್ತಕೊಂಡೆ. ಬೆನ್ನಿಗೆ, ಪಕ್ಕೆಲುವಿಗೆ... ಕೋಲು ಮುರೀತು. ಮುರದ ಮ್ಯಾಲೆ ಮುಷ್ಟಿಲೆ. ನಾಕು ಮಂದಿ ಹಿಡದ್ರೂ ಕೊಡವಿ ಹೊಡದೆ. ಈ ಬೆರಳಾಗ ನೋಡು, ಅವನ ಹಲ್ಲು ನಟ್ಟಿದ್ದು. ದವಡಿ ಮುರದೈತಿ ಅಂತ. ದವಾಖಾನ್ಯಾಗ ಅದಾನ, ಇನ್ನ ಕಣ್ಣು ತಗದಿಲ್ಲ.

ಯಾಕ ನಗಾಕತ್ತಿ? ಇದು ನಗೂ ಮಾತಾ? ...ನಗಲಿಲ್ಲಾ? ಹೋಗಲಿ ಬಿಡು. ನನಗ ಹಂಗ ಕಾಣಸ್ತು.

ನೀ ಬಂದು ಠಾಣ್ಯಾಗ ಒಂದು ಮಾತು ಹೇಳು. ಈ ಬಾಳೇಶ ಅಂಥಾಂವಲ್ಲ ಅನ್ನು. ಹನ್ನೊಂದು ವರ್ಷ ಆಡಿದೆನಲೇ ನಾನು! ಬೆಂಗಳೂರು, ಗೋವಾ, ಕಲ್ಕತ್ತಾ. ಮೂಗು ಎರಡು ಸಲ ಮುರದಾರ. ಕಲ್ಕತ್ತಾದಾಗ ಮೊಳಕೈಲೆ ಹೊಡದು ತಲಿ ಒಡದ್ರು, ಏಳು ಹೊಲಿಗಿ, ಪಟ್ಟಿ ಕಟಗೊಂಡು ಮತ್ತ ಇಳದೆ. ನಾ ತಿರುಗಿ ಒಬ್ಬರ ಮೈ ಮುಟ್ಟಿಲ್ಲ. ಒಂದ ಒಂದು ಕೆಂಪು ಕಾರ್ಡ್ ಇಲ್ಲ! ಕೋಚ್ ಆಗಿ ಊರಿಗೆ ಬಂದು ಆರು ವರ್ಷಾತು, ಹುಡುಗೂರಿಗೆ ಮೊದಲ ಕಲಿಸೂದ ಅದು. ಎದುರಿನವನ ಕಾಲು ದೇವರಿದ್ದಂಗ ಅಂತ. ನಿನ್ನ ಮಾತು ಮಂದಿ ನಂಬತಾರ. ನಿನ್ನ ಕಾಲು ಹೋದ ದಿನ ನಿನ್ನ ಹೆಗಲ ಮ್ಯಾಲೆ ಹೊತ್ತಕೊಂಡು ಓಡಿದಾಂವ ನಾನು. ಹೌದಿಲ್ಲ? ಮಿಲ್ ಮೈದಾನದಿಂದ ರಸ್ತಾದ ತನಕ!

ಕೈಯಾಗಿನ ನಟ್ ಬಿಚ್ಚೂ ಪಾನಾ ಯಾಕ ಕೆಳಗ ಇಟ್ಟಿ?

ಆ ದಿನದ್ದು ನೆನಪಾತೇನು? ಬೆಂಗಳೂರು ಕ್ಲಬ್ಬಿನವ್ರು ಆರಿಸಾಕ ಬಂದಿದ್ರು. ಮಿಡ್‌ಫೀಲ್ಡರ್ ಒಬ್ಬನ ಬೇಕಾಗಿದ್ದ. ನೀ ಇಲ್ಲಾ ನಾನು. ನಿನ್ನ ನಸೀಬು ಖರಾಬಿತ್ತು. ಇಬ್ರೂ ಬಾಲಿಗೆ ಹೋದ್ವಿ, ಡಿಕ್ಕಿ ಆತು... ಹದಿನೆಂಟು ವರ್ಷದಾಗ ಎಷ್ಟ ಸಲ ಹೇಳೇನಿ.

ಏನು? ಈಶ್ವರ? ಈಶ್ವರ ಏನಂದ ಅಂತನಾ? ಏನಂದ್ರೇನು... ಹೊಡಿಯೂ ಮುಂದ ಯಾರು ಕೇಳಿಸ್ಕೋತಾರ? ...ಕಣ್ಣು ಆಕಡೆ ತಿರುಗಿಸೋ ಮಾರಾಯ, ಹಂಗ ನೋಡಬ್ಯಾಡ.

ಅಂದ. ಒಂದು ಮಾತು ಅಂದ. ಕಪಾಳಕ್ಕ ಹೊಡದ ಮ್ಯಾಲೆ ಅಂದ. ಆ ಸ್ವಪ್ನಿಲ್ ಅಲ್ಲೇ ಕಾಲ ಕೆಳಗ ಒದ್ದಾಡಾಕತ್ತಿದ್ದ. ಇಂವ ನನ್ನ ಕಣ್ಣಾಗ ಕಣ್ಣಿಟ್ಟು, ‘ಸರ್, ಇಬ್ರೂ ಬಾಲಿಗೆ ಹೋದ್ವಿ’ ಅಂದ. ಎಷ್ಟು ಸಲೀಸಾಗಿ ಅಂದ ಗೊತ್ತೇನು! ಬಾಲ್ ಯಾವಾಗೋ ಹೋಗಿಬಿಟ್ಟಿತ್ತು, ಎಡಗಡೆ, ಮೂವತ್ತು ಹೆಜ್ಜಿ ದೂರ. ಆವಾಗ ನನ್ನ ಕೈಯಾಗ ಕೋಲು ಬಂತು. ನಾ ಯಾರನ್ನ ಹೊಡ್ಯಾಕತ್ತಿದ್ದೆ ಅನ್ನೂದ... ನನಗ ಅವನ ಮುಖಾ ಕಾಣಸ್ಲಿಲ್ಲ ಯಲ್ಲಾರಿ. ಖರೆ ಹೇಳ್ತೇನಿ, ಕಾಣಸ್ಲಿಲ್ಲ.



ಆ ದಿನ ಮಿಲ್ ಮೈದಾನದಾಗ ನೀ ಹಿಂದ ತಿರುಗಿ ನೋಡಲಿಲ್ಲ. ಯಾರೂ ನೋಡಲಿಲ್ಲ, ಎಲ್ಲಾರ ಕಣ್ಣು ಬಾಲಿನ ಹಿಂದ ಹೋಗಿತ್ತು. ಅದ ಧೈರ್ಯದ ಮ್ಯಾಲೆ ಇಷ್ಟು ವರ್ಷ ತಿಂದೆ, ಉಂಡೆ, ಆಡಿದೆ. ಆದ್ರ... ಬಾಲ್ ಎಲ್ಲಿತ್ತು ಅಂತ ಪಾಸ್ ಕೊಟ್ಟಾಂವಗ ಗೊತ್ತಿರೂದಿಲ್ಲೇನು? ನೀನ ಕೊಟ್ಟಿದ್ದಿ ಪಾಸು! ಬಾಲ್ ನಿನ್ನ ಕಾಲಾಗ ಇರ್ಲಿಲ್ಲ. ನಾ ಬಾಲಿಗೆ ಬಂದಿರ್ಲಿಲ್ಲ. ನಿನ್ನ ಮೊಳಕಾಲಿಗೆ ಬಂದಿದ್ದೆ. ನೋಡಿಕೊಂಡು, ಗುರಿ ಇಟ್ಟು ಬಂದಿದ್ದೆ.

ನೀ ಯಾಕ ಬೆಚ್ಚಲಿಲ್ಲ?

...ಗೊತ್ತಿತ್ತು. ಅವತ್ತ, ನನ್ನ ಹೆಗಲ ಮ್ಯಾಲೆ ಇದ್ದಾಗ್ಲೇ ಗೊತ್ತಿತ್ತು ನಿನಗ. ಮತ್ತ ಯಾಕಲೇ? ಬಂದಾಗೊಮ್ಮೆ ಬಾಜೂಕ ಕುಂಡ್ರಿಸಿಕೊಂಡಿ, ಎದುರಿನ ಚಾದಂಗಡಿ ಗೌರವ್ವಗ ಕೂಗಿ ಚಾ ತರಸಿದಿ, ಪೇಪರ್‌ನ್ಯಾಗಿನ ನನ್ನ ಫೋಟೋ ಕತ್ತರಿಸಿ ಈ ಗ್ವಾಡಿಗೆ ಹಚ್ಚಿದಿ... ಒಂದ ಒಂದು ಸಲ ಬೈಯಬಾರದಾಗಿತ್ತಾ? ಆ ಪಾನಾ ತಗೊಂಡು ನನ್ನ ತಲಿಗೆ ಹಾಕು. ಹಾಕು! ನಾ ಕೈ ಎತ್ತೂದಿಲ್ಲ.

ಎಲ್ಲಿಗೆ ಏಳಾಕತ್ತಿ? ತಡಿ, ಬೀಳ್ತಿ... ಅಂಗಿ ಯಾಕ ಹಾಕ್ಕೊಳ್ಳಾಕತ್ತಿ? ಅಂಗಡಿ ಬಾಗ್ಲಾ ಯಾಕ ಎಳದಿ? ಠಾಣೆಕ್ಕಾ? ಬರ್ತಿಯಾ? ನೀನ ಬರ್ತಿಯಾ?

ಯಲ್ಲಾರಿ... ನಿಂದ್ರು. ಅಲ್ಲಿ ಹೋಗಿ ಏನಂತ ಹೇಳಾಂವ ನೀ?