ಹನ್ನೆರಡು ಹರದಾರಿಯ ಮದುವೆ

ಹನ್ನೆರಡು ಹರದಾರಿ ದಾರಿ, ನಾಲ್ಕು ಜಾವ ಹೊತ್ತು. ಗೆದ್ದರೆ ಹುಡುಗಿ, ಸೋತರೆ ಖಾಲಿ ಗಾಡಿ. ಒಪ್ಪಂದ ಇಷ್ಟೇ. ಕಿವಿ ಇತ್ತ ಕೊಡಿ.

ಯಾವ ಕಾಲ ಅಂತ ಕೇಳಬೇಡಿ, ಯಾವ ಊರು ಅಂತ ಕೇಳಬೇಡಿ. ಹಗಲನ್ನು ನಾಲ್ಕು ಜಾವ ಅಂತ ಅಳೆಯುತ್ತಿದ್ದ ಕಾಲ. ಗುಡ್ಡದ ಈಚೆಗೆ ಒಂದೂರು. ಅಲ್ಲಿ ಈರಣ್ಣಶೆಟ್ಟಿ ಅಂತ ಉಪ್ಪಿನ ವ್ಯಾಪಾರಿ. ಹೆಂಡತಿ ತೀರಿಕೊಂಡಿದ್ದಳು. ಮಗಳು ಹಾಲವ್ವ ಅಂಗಡಿಯಲ್ಲೇ ಬೆಳೆದಳು, ಅಪ್ಪನ ಪಕ್ಕ ಕೂತು ಲೆಕ್ಕ ಕಲಿತಳು.

ಗುಡ್ಡದ ಆಚೆ ಊರಿಂದ ಬೊಮ್ಮಯ್ಯ ಅಂತ ಗಾಡಿಯವನು ಹೆಣ್ಣು ಕೇಳಲು ಬಂದ. ಹುಡುಗ ಒಳ್ಳೆಯವನು. ಹಾಲವ್ವನಿಗೂ ಮನಸ್ಸಿತ್ತು. ಶೆಟ್ಟಿಗೆ ಮಾತ್ರ ಎದೆಯಲ್ಲಿ ಒಂದು ಕಲ್ಲು. ಇವಳು ಹೋದರೆ ಊಟಕ್ಕೆ ಕೂಗುವವರು ಯಾರು? ಅದನ್ನು ಬಾಯಿಬಿಟ್ಟು ಹೇಳುವ ಮನುಷ್ಯನೇ ಅವನು? ಅಲ್ಲ. ಅದಕ್ಕೇ ಒಪ್ಪಂದ ಹಾಕಿದ.

"ನಿನ್ನೂರಿಂದ ಹುಣಸೆ ಹೇರಿಕೊಂಡು ಹೊತ್ತು ಹುಟ್ಟುವಾಗ ಹೊರಡು. ಹೊತ್ತು ಮುಳುಗುವುದರೊಳಗೆ ನಮ್ಮ ಮನೆ ಹಿರಿಯರು ನಿನ್ನನ್ನು ನೀರು ಕೊಟ್ಟು ಎದುರುಗೊಂಡಿರಬೇಕು. ಇಲ್ಲವೋ, ಹುಣಸೆ ಇಳಿಸಿ ಗಾಡಿ ತಿರುಗಿಸು."

ಬೊಮ್ಮಯ್ಯ ಬೆರಳು ಮಡಚಿದ. "ಗುಡ್ಡದ ನೆತ್ತಿ ಸರಿಯಾಗಿ ಅರ್ಧ ದಾರಿ. ಏರುವಾಗ ಜಾವಕ್ಕೆ ಎರಡು ಹರದಾರಿ. ಇಳಿಯುವಾಗ ಜಾವಕ್ಕೆ ನಾಲ್ಕು. ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ ಮೂರು. ನಾಲ್ಕು ಜಾವಕ್ಕೆ ಹನ್ನೆರಡು. ಸರಿಹೋಯ್ತಲ್ಲ ಶೆಟ್ರೇ."

ಕೂತವರೆಲ್ಲ ತಲೆ ಆಡಿಸಿದರು. ನೀವೂ ಆಡಿಸಿದಿರಿ, ನಾನು ನೋಡಿದೆ. ಶೆಟ್ಟಿ ಮೀಸೆಯಡಿ ನಕ್ಕ. ಕಂಬದ ಹಿಂದಿದ್ದ ಹಾಲವ್ವ ನಗಲಿಲ್ಲ.

ಆ ದಿನ ಬಂತು. ಹೊತ್ತು ನೆತ್ತಿಗೇರಿತು, ಶೆಟ್ಟಿ ಉಪ್ಪು ಅಳೆದ. ನೆತ್ತಿಯಿಂದ ಜಾರಿತು, ಉಪ್ಪು ಅಳೆದ. ಇನ್ನೊಂದೇ ಜಾವ ಉಳಿಯಿತು, ಆಗಲೂ ಉಪ್ಪು ಅಳೆದ. ಹಾಲವ್ವ ಚೆಂಬು ಹಿಡಿದು ಬಂದು ನಿಂತಳು.

"ಅಪ್ಪಾ, ಅವರು ಈಗ ಗುಡ್ಡದ ನೆತ್ತಿಯಲ್ಲಿರ್ತಾರೆ. ಆರು ಹರದಾರಿ ಏರೋದಕ್ಕೇ ಮೂರು ಜಾವ ತಿಂದಾಯ್ತು. ಉಳಿದ ಜಾವದಲ್ಲಿ ನಾಲ್ಕು ಹರದಾರಿ ಇಳೀತಾರೆ. ಇನ್ನೆರಡು ಬಾಕಿ ಇರುವಾಗ ಕತ್ತಲಾಗತ್ತೆ."

ಶೆಟ್ಟಿಯ ಕೈಯ ಸೇರು ಅಲ್ಲೇ ನಿಂತಿತು. "ನಿನಗೆ ಯಾವಾಗ ತಿಳೀತು?"

"ನೀನು ಹೇಳಿದ ದಿನವೇ."

"ಅವನಿಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಎತ್ತಿನ ಬೆನ್ನು ಮುರಿಯೋ ಹಾಗೆ ಹೊಡೀತಿದ್ದರು. ಅಲ್ಲದೆ, ನನ್ನಪ್ಪ ಮಗಳನ್ನು ಬಿಟ್ಟಿರಲಾರದೆ ಕಳ್ಳ ಲೆಕ್ಕ ಕಟ್ಟಿದ ಅಂತ ಹೊರಗಿನವರ ಮುಂದೆ ಹೇಗೆ ಹೇಳಲಿ?"

ಶೆಟ್ಟಿ ಸೇರನ್ನು ಕೆಳಗಿಟ್ಟ. ಅವಳೇ ಅಂದಳು: "ಎದುರುಗೊಳ್ಳಬೇಕು ಅಂತ ನೀನು ಅಂದೆ. ಮನೆ ಬಾಗಿಲಲ್ಲೇ ಅಂತ ಅಂದೆಯಾ?"

"ಇಲ್ಲ."

"ಎರಡು ಹರದಾರಿ ನಡೆದರೆ ಹುಣಸೆತೋಪು. ನಾನು ಕೊಟ್ಟ ನೀರು ಲೆಕ್ಕಕ್ಕಿಲ್ಲ, ಹಿರಿಯ ನೀನೊಬ್ಬನೇ. ಬಂದರೆ ಬಾ. ಬರದಿದ್ದರೆ ಅಳೋದಿಲ್ಲ, ಒಲೆ ಹಚ್ಚಿ ನಿನಗೆ ರೊಟ್ಟಿ ತಟ್ತೀನಿ."

ಚೆಂಬನ್ನು ಅಂಗಡಿಕಟ್ಟೆಯ ಮೇಲಿಟ್ಟು ಒಳಗೆ ಹೋದಳು. ನಿಜವಾಗಿಯೂ ಒಲೆ ಹಚ್ಚಿದಳು. ಹೊಗೆ ಅಂಗಡಿಗೆ ಬಂತು. ಶೆಟ್ಟಿ ಚೆಂಬು ನೋಡಿದ, ದಾರಿ ನೋಡಿದ, ಮತ್ತೆ ಚೆಂಬು ನೋಡಿದ. ಆಮೇಲೆ ಉಪ್ಪಿನ ಮೂಟೆಯ ಬಾಯಿ ಕಟ್ಟಿದ.

"ಒಲೆ ಆರಿಸು. ಚಪ್ಪಲಿ ಎಲ್ಲಿಟ್ಟಿದ್ದೀಯ ನನ್ನವು?"

ನಡೆದರು. ಕೆರೆ ಏರಿಯಲ್ಲಿ ಶೆಟ್ಟಿ "ಮಂಡಿ ಹಿಡೀತು" ಅಂದ, ನಡೆದ. ಹಳ್ಳದಲ್ಲಿ "ಚಪ್ಪಲಿ ಕಡೀತು" ಅಂದ, ನಡೆದ. ತೋಪು ಕಂಡಾಗ "ಹೊತ್ತು ಇಳೀತು" ಅಂದ, ಓಡಿದ. ಉಪ್ಪಿನ ಶೆಟ್ಟಿ ಓಡಿದ್ದನ್ನು ಆ ಸೀಮೆಯಲ್ಲಿ ಯಾರೂ ಕಂಡಿರಲಿಲ್ಲ.

ಗಾಡಿ ಬರುತ್ತಿತ್ತು. ಬೊಮ್ಮಯ್ಯನ ಮುಖ ಬಾಡಿತ್ತು. "ಲೆಕ್ಕ ತಪ್ಪಿತು ಶೆಟ್ರೇ. ಎತ್ತು ಪಾಪ, ಹೊಡೆಯೋಕೆ ಮನಸ್ಸು ಬರಲಿಲ್ಲ. ಹುಣಸೆ ಇಲ್ಲೇ ಇಳಿಸ್ಲಾ?"

"ಸುಮ್ಮನೆ ನೀರು ಕುಡಿಯೋ. ಹೊತ್ತಿನ ಅಂಚು ಇನ್ನೂ ಕಾಣ್ತಿದೆ."

ಬೊಮ್ಮಯ್ಯ ಕುಡಿದ. ಹೊತ್ತು ಮುಳುಗಿತು.

ಹಿಂದಕ್ಕೆ ಮೂವರೂ ಗಾಡಿಯಲ್ಲೇ ಬಂದರು. ಶೆಟ್ಟಿ ಹುಣಸೆಮೂಟೆಗೆ ಒರಗಿ ಮೆಲ್ಲಗೆ ಅಂದ: "ಹನ್ನೆರಡು ಹರದಾರಿ ಕಣವ್ವಾ. ಮೊಳಕಾಲು ಗಟ್ಟಿ ಇರೋ ತನಕ ನಿನ್ನ ನೋಡೋಕೆ ಬಂದೇನು. ಆಮೇಲೆ?"

"ನೀನೊಬ್ಬನೇ ಹೊರಟರೆ ಹನ್ನೆರಡು. ಆ ಕಡೆಯಿಂದ ನಾನೂ ಹೊರಟರೆ?"

ಲೆಕ್ಕದ ಶೆಟ್ಟಿಗೆ ಈ ಲೆಕ್ಕಕ್ಕೆ ಹೊತ್ತು ಹಿಡಿಯಿತು. ಕೊನೆಗೆ ಬೆರಳು ಮಡಚಿ, "ಆರು," ಅಂದ.

ಅಲ್ಲಿಂದ ಮುಂದೆ ಹುಣ್ಣಿಮೆ ಹುಣ್ಣಿಮೆಗೆ ಗುಡ್ಡದ ನೆತ್ತಿಯಲ್ಲಿ ಎರಡು ಗಾಡಿ ನಿಲ್ಲುತ್ತಿದ್ದವು. ಒಂದರಲ್ಲಿ ಉಪ್ಪು, ಒಂದರಲ್ಲಿ ಬುತ್ತಿ. "ಅಪ್ಪಾ, ಊಟಕ್ಕೆ ಬಾ" ಅನ್ನುವ ಕೂಗು ಎರಡೂ ಊರಿನ ದನ ಕಾಯುವವರಿಗೆ ಕೇಳಿಸುತ್ತಿತ್ತು.

ಅವರ ಗಾಡಿ ಮುಂದೆ ಹೋಯಿತು, ನನ್ನ ಕಥೆ ಇಲ್ಲಿ ನೊಗ ಇಳಿಸಿತು. ಈಗ ಲೆಕ್ಕ ಮುಗಿಸೋಣ. ಶೆಟ್ಟಿಗೆ ಹೋದದ್ದು ಎರಡು ಹರದಾರಿ ನಡಿಗೆ, ಒಂದು ಚೆಂಬು ನೀರು. ಬಂದದ್ದು ಎತ್ತಿಗೆ ಹೊಡೆಯದ ಒಬ್ಬ ಅಳಿಯ, ಹುಣ್ಣಿಮೆಗೊಂದು ಬುತ್ತಿ. ಮಗಳನ್ನು ಹೋದದ್ದರಲ್ಲಿ ಬರೆಯಬೇಡಿ. ಅವಳಿಗಿದ್ದ ದೂರ ಹನ್ನೆರಡು, ಉಳಿದದ್ದು ಆರು. ಲಾಭ ಆರು ಹರದಾರಿ.