ಕಾರು ನೋಡಲು ಬಂದವನು ಕೂರಿಸಿ ಹೋದ ಅಮ್ಮ

ಸರ್ವಮಂಗಳಾ ಕೋಂ ಶಿವಲಿಂಗಯ್ಯ, ವಯಸ್ಸು 46 ವರ್ಷ, ಪ್ರೌಢಶಾಲಾ ಶಿಕ್ಷಕಿ, ವಾಸ ಐದನೇ ಮುಖ್ಯರಸ್ತೆ, ಚಾಮರಾಜಪೇಟೆ, ಬೆಂಗಳೂರು-18, ಆದ ನಾನು ಈ ದಿನ ದಿನಾಂಕ 9-8-1998ರ ಭಾನುವಾರ ಮಧ್ಯಾಹ್ನ 2-50ಕ್ಕೆ ಠಾಣೆಗೆ ಬಂದು ಹೇಳಿ ಬರೆಸುತ್ತಿರುವುದೇನೆಂದರೆ:

ನನ್ನ ಪತಿಗೆ ಮೇ ತಿಂಗಳಲ್ಲಿ ರಾಯಚೂರಿಗೆ ವರ್ಗವಾಗಿರುತ್ತದೆ. ನನಗೆ ಕಾರು ಓಡಿಸಲು ಬರುವುದಿಲ್ಲ. ಆದ್ದರಿಂದ ನಮ್ಮ ಬಿಳಿ ಬಣ್ಣದ 1990ರ ಮಾರುತಿ ಕಾರನ್ನು ಮಾರಲು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿದ್ದೆವು. ಯಾರೇ ಓಡಿಸಿ ನೋಡಲಿ, ನಾನು ಪಕ್ಕದಲ್ಲಿ ಕೂತಿರಬೇಕು, ಆರ್‌ಸಿ ಪುಸ್ತಕ ಹೊರಗೆ ತೆಗೆಯಬಾರದು ಎಂದು ನನ್ನ ಪತಿ ಫೋನಿನಲ್ಲಿ ಎರಡು ಸಲ ಹೇಳಿದ್ದರು.

ಈ ದಿನ ಬೆಳಿಗ್ಗೆ 11-10ಕ್ಕೆ ಸುಮಾರು ಮೂವತ್ತೈದು ವರ್ಷದ ಗಂಡಸೊಬ್ಬನು ವಯಸ್ಸಾದ ಹೆಂಗಸೊಬ್ಬರ ಕೈ ಹಿಡಿದು ಮೆಟ್ಟಿಲು ಹತ್ತಿಸಿಕೊಂಡು ಬಂದನು. ಹೆಸರು ಮಹಾನಂದ ಎಂದನು. ಆಕೆಯ ಕೈಯಲ್ಲಿ ಊಟದ ಕ್ಯಾರಿಯರ್ ಇತ್ತು. "ಅಮ್ಮ, ನೀವು ಫ್ಯಾನ್ ಕೆಳಗೆ ಕೂತ್ಕೊಳ್ಳಿ" ಎಂದು ಅವರನ್ನು ನಡುಮನೆಯ ಕುರ್ಚಿಯಲ್ಲಿ ಕೂರಿಸಿ, ಹೊರಗೆ ಬಂದು ಬಾನೆಟ್ ಎತ್ತಿ ನೋಡಿದನು. 11-35ಕ್ಕೆ ಒಂದು ರೌಂಡ್ ಓಡಿಸಿ ನೋಡುವುದಾಗಿ ಹೇಳಿದನು. ನಾನು ಜೊತೆಗೆ ಹೊರಟು ಚಪ್ಪಲಿ ಹಾಕಿಕೊಂಡೆನು.

"ಬನ್ನಿ ಅಕ್ಕ. ಆದ್ರೆ ಅಮ್ಮ ಒಬ್ರೇ ಆಗ್ತಾರಲ್ಲ?" ಎಂದನು.

ಮನೆಗೆ ಬಂದ ಹಿರಿಯರನ್ನು ಒಂಟಿಯಾಗಿ ಬಿಟ್ಟು ಹೋಗುವುದು ನನಗೂ ಸರಿ ಕಾಣಲಿಲ್ಲ. ಚಪ್ಪಲಿ ಬಿಟ್ಟು ಕೀ ಕೊಟ್ಟೆನು. ಕಾರು ಮಕ್ಕಳ ಕೂಟ ಸರ್ಕಲ್ಲಿನ ಕಡೆಗೆ ಹೋಯಿತು.

ನಾನು ಆಕೆಗೆ ಕಾಫಿ ಕೊಟ್ಟೆನು. ಮಂಡಿನೋವಿನ ವಿಷಯ ಮಾತಾಡಿದೆವು. 12-20 ಆದರೂ ಕಾರು ಬಾರದಿದ್ದಾಗ, ನಿಮ್ಮ ಮಗ ತಡ ಮಾಡಿದರಲ್ಲ ಎಂದೆನು.

"ನನ್ ಮಗ ಯಾಕಾಗ್ತಾನವ್ವಾ? ಅವ್ನು ನಿನ್ ತಮ್ಮ ಅಲ್ವಾ?" ಎಂದರು.

ನನಗೆ ಅರ್ಥವಾಗಲಿಲ್ಲ. ಆಕೆಗೂ ಆಗಲಿಲ್ಲ. ಇಬ್ಬರೂ ಅದನ್ನೇ ಇನ್ನೊಮ್ಮೆ ಕೇಳಿಕೊಂಡೆವು.

ಆಕೆಯ ಹೆಸರು ದೊಡ್ಡಮುನಿಯಮ್ಮ, ಗುಟ್ಟಹಳ್ಳಿಯಲ್ಲಿ ಸೊಪ್ಪಿನ ವ್ಯಾಪಾರ. ಹೆರಿಗೆಯಾದ ಮಗಳು ಸಂಧ್ಯಾಳಿಗೆ ಊಟ ಒಯ್ಯಲು ಉಮಾ ಟಾಕೀಸಿನ ಬಳಿ ಬಸ್ಸಿಗೆ ಕಾಯುತ್ತಿದ್ದಾಗ ಆ ವ್ಯಕ್ತಿ, ಅಕ್ಕನ ಮನೆಯಲ್ಲಿ ಕಾರಿದೆ, ಆಸ್ಪತ್ರೆಗೆ ಬಿಡುತ್ತೇನೆ ಎಂದು ಕರೆತಂದನಂತೆ.

ಆತನು ಆಕೆಯನ್ನು ತನ್ನ ತಾಯಿ ಎಂದು ಹೇಳಿದನೇ ಎಂದು ಸಬ್‌ಇನ್‌ಸ್ಪೆಕ್ಟರ್ ಸಾಹೇಬರು ಕೇಳಿರುತ್ತಾರೆ. ಹೇಳಲಿಲ್ಲ. ಅಮ್ಮ ಎಂದು ಕರೆದನು, ಅಷ್ಟೆ. ನನ್ನನ್ನು ಅಕ್ಕ ಎಂದನು. ಹಾಲು ಹಾಕುವವನೂ ನನ್ನನ್ನು ಅಕ್ಕ ಎನ್ನುತ್ತಾನೆ.

ವಿಷಯ 12-20ಕ್ಕೇ ತಿಳಿದಿದ್ದರೂ ದೂರು ಕೊಡಲು ತಡವಾದ ಕಾರಣ ಕೇಳಿರುತ್ತಾರೆ. ಮಗಳು ಬೆಳಿಗ್ಗೆಯಿಂದ ಏನೂ ತಿಂದಿಲ್ಲವೆಂದು ದೊಡ್ಡಮುನಿಯಮ್ಮನವರು ಅಳತೊಡಗಿದರು. ಮಧ್ಯಾಹ್ನ 1-00ರವರೆಗೆ ಬಾಗಿಲಲ್ಲಿ ನಿಂತು ಕಾದೆವು. ನಂತರ ಆಟೋ ಹತ್ತಿದೆವು. ಎಲ್ಲಿಗೆ ಎಂದು ಡ್ರೈವರ್ ಕೇಳಿದಾಗ ಠಾಣೆ ಎನ್ನಬೇಕಾಗಿತ್ತು. ನನ್ನ ಬಾಯಿಂದ ಆಸ್ಪತ್ರೆ ಎಂದು ಬಂತು. ಅದು ನಮ್ಮ ಮನೆಯಿಂದ ಸುಮಾರು ಒಂದೂವರೆ ಕಿಲೋಮೀಟರ್.

ವಾರ್ಡಿನ ಬಾಗಿಲಲ್ಲಿ ಕಾವಲಿನವರು ನನ್ನನ್ನು ತಡೆದು ಯಾರೆಂದು ಕೇಳಿದರು. "ನನ್ ದೊಡ್ ಮಗ್ಳು, ಬಿಡಪ್ಪ" ಎಂದು ದೊಡ್ಡಮುನಿಯಮ್ಮನವರು ಹೇಳಿದರು. ಸಂಧ್ಯಾ ಊಟ ಮಾಡುವವರೆಗೆ, ಸುಮಾರು ಹದಿನೈದು ನಿಮಿಷ, ಮಗು ನನ್ನ ಕೈಯಲ್ಲಿತ್ತು. ಹೆಣ್ಣುಮಗು. ಆ ಹೊತ್ತಿನಲ್ಲಿ ಕಾರಿನ ನೆನಪಿತ್ತೋ ಇಲ್ಲವೋ ಹೇಳಲಾರೆನು.

ಅಲ್ಲಿಂದ ನಾನೊಬ್ಬಳೇ ಠಾಣೆಗೆ ಹೊರಟೆನು. "ನಾನೂ ನೋಡಿದೀನಲ್ಲ ಅವನ್ನ" ಎಂದು ದೊಡ್ಡಮುನಿಯಮ್ಮನವರು ತಾವಾಗಿಯೇ ಜೊತೆಗೆ ಬಂದರು. ಈಗ ಹೊರಗಿನ ಬೆಂಚಿನ ಮೇಲೆ ಕೂತಿರುತ್ತಾರೆ. ಅವರ ಮೇಲೆ ಅನುಮಾನವಿದೆಯೇ ಎಂದರೆ ಇಲ್ಲ. ಅವರು ನನ್ನೆದುರು ಹೇಳಿದ ಸುಳ್ಳು ಒಂದೇ, ವಾರ್ಡಿನ ಬಾಗಿಲಲ್ಲಿ ಹೇಳಿದ್ದು. ಅದನ್ನು ನಾನೂ ಅಲ್ಲವೆನ್ನಲಿಲ್ಲ.

ಕಾರನ್ನು ಪತ್ತೆ ಮಾಡಿಕೊಡಬೇಕೆಂದೂ ಅವರನ್ನು ಕತ್ತಲಾಗುವ ಮೊದಲು ಮನೆಗೆ ಕಳುಹಿಸಬೇಕೆಂದೂ ಕೋರುತ್ತೇನೆ. ಬರೆದದ್ದನ್ನು ಓದಿಸಿ ಕೇಳಿದೆನು; ನನಗೆ ತಿಳಿದ ಮಟ್ಟಿಗೆ ನಿಜವಿರುತ್ತದೆ.

ಸ್ಥಳ: ಬೆಂಗಳೂರು
ದಿನಾಂಕ: 9-8-1998
ಸಹಿ: ಸರ್ವಮಂಗಳಾ