ಎರಡು ಜೀವದ ಊಟ

ಸಂಶಿಯ ಬಸ್ ನಿಲ್ದಾಣದಲ್ಲಿ ನೀಲವ್ವ ದನದ ಹಿಂಡಿಯ ಚೀಲಕ್ಕೆ ಒರಗಿ ಕುಳಿತಿದ್ದಳು. ಓಣಿಯ ಹೆಂಗಸೊಬ್ಬಳು ಬಾಜೂಕೆ ಬಂದು ಕುಳಿತಳು.

“ಸೊಸಿಗೆ ಎಷ್ಟು ತಿಂಗಳಾತ್ರಿ?”

“ಏಳರಾಗ ಐತಿ. ಹಾಲು, ಶೇಂಗಾ, ಕಾಳು ಕೊಡ್ರಿ ಅಂತಾಳ ಡಾಕ್ಟರಮ್ಮ. ನಾ ಇದ್ದ ರೊಟ್ಟೀನೂ ಕಮ್ಮಿ ಮಾಡೇನಿ.”

“ಯಾಕ್ರಿ?”

“ಕೂಸು ದೊಡ್ಡದಾದ್ರ ಹಡಿಯೂದು ತ್ರಾಸ ಆಗತೈತಿ.”

“ಮತ್ತ ಹಾಲು?”

“ನಾನ ಕುಡೀತೇನಿ. ವಯಸ್ಸಾದವರಿಗೆ ಎಲುಬು ಸವೀತಾವಂತ.”

“ಈ ಹಿಂಡಿ?”

“ಎಮ್ಮಿ ಗಬ್ಬ ಐತಿ. ಎರಡು ಜೀವ, ಹೊಟ್ಟಿ ತುಂಬ ತಿನ್ನಬೇಕು.”

“ಕರ ದೊಡ್ಡದಾದ್ರ ಅದಕ್ಕೂ ತ್ರಾಸ ಅಲ್ಲೇನ್ರಿ?”

ಬಸ್ಸು ಬಂತು. ಇಬ್ಬರೂ ಸೇರಿ ಚೀಲ ಎತ್ತಿದರು. ಮೆಟ್ಟಿಲು ಹತ್ತುತ್ತ ನೀಲವ್ವ ಅಂದಳು:

“ಸೊಸಿ ನಾಳೆ ಹಡ್ಯಾಕ ತವರಮನಿಗೆ ಹೋಗತಾಳ, ಅವರು ಉಣ್ಣಸ್ತಾರ. ಎಮ್ಮಿಗೆ ಯಾವ ತವರಮನಿ ಐತಿ?”